ಚೋಟು, ಗೇಣು, ಮೊಳ, ಮಾರು: ರೇಡಿಯೊ ಅಲೆಯ ಅಳತೆ

(ಮಲೆನಾಡಿನ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ನೀಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು. ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳನ್ನು ಮಾತಿನ ಓಟದಲ್ಲಿಯೇ ಸೇರಿಸಿಕೊಂಡಿದ್ದೇನೆ.)

ಈ ಸಭೆಗೆ ಬರುವಾಗ ನಾನು ಚೀಲದಲ್ಲಿ ತಂದದ್ದು ಒಂದು ಹಳೆಯ ಟ್ರಾನ್ಸಿಸ್ಟರ್, ಒಂದಿಷ್ಟು ತಾಮ್ರದ ತಂತಿ ಮತ್ತು ದರ್ಜಿಯ ಟೇಪು. ಆಂಟೆನಾ ಕುರಿತ ಮಾತಿಗೆ ಟೇಪು ಏಕೆ ಎಂದು ಸ್ವಾಗತ ಕೋರಿದ ವಿದ್ಯಾರ್ಥಿನಿ ಕೇಳಿದಳು. ಈ ಮೂರರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಎಂದರೆ ನಾನು ಆ ಟೇಪನ್ನೇ ಇಟ್ಟುಕೊಂಡೇನು. ರೇಡಿಯೊ ಅಲೆಯೊಂದು ಎದುರಾದಾಗ ಮೊದಲು ಅದರ ಉದ್ದವನ್ನು ಕೇಳಬೇಕು. ಆ ಉದ್ದ ತಿಳಿದರೆ ಅದಕ್ಕೆ ಎಂಥ ಆಂಟೆನಾ ಬೇಕು, ಅದು ಗುಡ್ಡವನ್ನು ಬಳಸಿ ಬರುತ್ತದೆಯೇ, ಅಡಿಕೆ ತೋಟದೊಳಗೆ ನುಗ್ಗುತ್ತದೆಯೇ, ಮಳೆಗೆ ಸೋಲುತ್ತದೆಯೇ ಎಂಬುದನ್ನೆಲ್ಲ ಬಹುಮಟ್ಟಿಗೆ ಊಹಿಸಬಹುದು.

ನನ್ನ ವಯಸ್ಸಿನವರು ಈ ಉದ್ದವನ್ನು ಕಿವಿಯಿಂದಲೇ ಕಲಿತವರು. ರೇಡಿಯೊ ಉದ್ಘೋಷಕರು ಕೇಂದ್ರದ ಹೆಸರು ಹೇಳಿದ ಮೇಲೆ ಮಧ್ಯಮ ತರಂಗಾಂತರ ಇಷ್ಟು ಮೀಟರ್, ಅಂದರೆ ಇಷ್ಟು ಕಿಲೋಹರ್ಟ್ಸ್ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಎಂದರೆ ಸುಮಾರು 490 ಮೀಟರ್. ಲೆಕ್ಕ ಸರಳವಾದದ್ದು. ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆ ಒಂದು ಸೆಕೆಂಡಿನಲ್ಲಿ ಅದು ಎಷ್ಟು ಬಾರಿ ಏರಿಳಿಯುತ್ತದೆಯೋ ಅಷ್ಟು ತುಂಡುಗಳಾಗಿ ಆ ದೂರವನ್ನು ಹಂಚಿದರೆ ಒಂದು ತುಂಡಿನ ಉದ್ದವೇ ತರಂಗಾಂತರ. ಸೆಕೆಂಡಿಗೆ ಸಾವಿರ ಏರಿಳಿತವಾದರೆ ಒಂದು ಕಿಲೋಹರ್ಟ್ಸ್, ಹತ್ತು ಲಕ್ಷವಾದರೆ ಒಂದು ಮೆಗಾಹರ್ಟ್ಸ್, ನೂರು ಕೋಟಿಯಾದರೆ ಒಂದು ಗಿಗಾಹರ್ಟ್ಸ್. ಮೆಗಾಹರ್ಟ್ಸ್ ಸಂಖ್ಯೆಯಿಂದ 300ನ್ನು ಭಾಗಿಸಿದರೆ ಉತ್ತರ ಮೀಟರಿನಲ್ಲಿ ಸಿಗುತ್ತದೆ ಎಂಬ ಒಂದು ಸೂತ್ರ ನೆನಪಿದ್ದರೆ ಈ ಹೊತ್ತಿನ ಮಾತಿಗೆ ಸಾಕು.

ನಮ್ಮ ಹಿರಿಯರ ಅಳತೆಗಳು ಇಲ್ಲಿ ಬಹಳ ಚೆನ್ನಾಗಿ ಒದಗಿ ಬರುತ್ತವೆ. ಮನೆಯ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಒಂದು ಚೋಟು. 900 ಮೆಗಾಹರ್ಟ್ಸ್‌ನ ಮೊಬೈಲ್ ಅಲೆ 33 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದೂವರೆ ಗೇಣು. 700 ಮೆಗಾಹರ್ಟ್ಸ್‌ನದು ಒಂದು ಮೊಳಕ್ಕೆ ಹತ್ತಿರ. ವಿವಿಧ ಭಾರತಿಯ 102.9 ಎಫ್‌ಎಂ ಅಲೆ 2.9 ಮೀಟರ್, ಒಂದೂವರೆ ಮಾರಿಗಿಂತ ತುಸು ಹೆಚ್ಚು. ಡಿಟಿಎಚ್ ತಟ್ಟೆಗೆ ಬಂದು ಬೀಳುವ ಅಲೆ ಒಂದು ಅಂಗುಲದಷ್ಟು. ಮಧ್ಯಮ ತರಂಗಕ್ಕೆ ಬಂದಾಗ ಮಾತ್ರ ಮಾರು ಹಾಕಿ ಪೂರೈಸುವುದಿಲ್ಲ, ಹೊಲ ಅಳೆಯುವ ಸರಪಳಿಯೇ ಬೇಕು.

ಇನ್ನು ತಂತಿಯಿಂದ ಅಲೆ ಹೊರಡುವುದು ಹೇಗೆ? ಪಕ್ಕಪಕ್ಕದಲ್ಲಿ ಓಡುವ ಎರಡು ತಂತಿಗಳಲ್ಲಿ ವಿದ್ಯುತ್ತು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತಿರುತ್ತದೆ. ಒಂದು ಎಬ್ಬಿಸಿದ ಕಂಪನವನ್ನು ಇನ್ನೊಂದು ಅಳಿಸಿಹಾಕುವುದರಿಂದ ಆ ಜೋಡಿಯಿಂದ ದೂರಕ್ಕೆ ಏನೂ ತಲುಪುವುದಿಲ್ಲ. ಅದೇ ಜೋಡಿಯ ತುದಿಯನ್ನು ಸೀಳಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಎರಡು ತೋಳುಗಳಂತೆ ಚಾಚಿದೆವೆಂದುಕೊಳ್ಳಿ. ಈಗ ಎರಡೂ ತೋಳುಗಳಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ತೂಗುತ್ತದೆ, ಒಂದರ ಕೆಲಸಕ್ಕೆ ಇನ್ನೊಂದು ಕೈಗೂಡಿಸುತ್ತದೆ, ಕಂಪನ ತಂತಿಯನ್ನು ಬಿಟ್ಟು ಹೊರಗೆ ನಡೆಯುತ್ತದೆ. ಇದೇ ಡೈಪೋಲ್. ಹೈನ್ರಿಶ್ ಹರ್ಟ್ಸ್ 1887ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕಿಡಿ ಹಾರಿಸಿ ಪ್ರಯೋಗಕ್ಕೆ ತೊಡಗಿದ್ದು ಇಂಥದೇ ಚಾಚಿದ ತೋಳುಗಳಿಂದ. ಅದಕ್ಕೂ ಎರಡು ದಶಕ ಮೊದಲು ಮ್ಯಾಕ್ಸ್‌ವೆಲ್ ಕಾಗದದ ಮೇಲೆ ತೋರಿಸಿದ್ದ ಅಲೆಗಳು ನಿಜವಾಗಿಯೂ ಇವೆ ಎಂಬುದು ಆ ಪ್ರಯೋಗಗಳಿಂದ ಖಚಿತವಾಯಿತು.

ತೋಳುಗಳು ಎಷ್ಟು ಉದ್ದ ಇರಬೇಕೆಂಬುದನ್ನು ಜೋಕಾಲಿಯನ್ನು ನೆನೆದರೆ ತಿಳಿಯಬಹುದು. ಜೋಕಾಲಿಗೆ ತನ್ನದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳ ತುದಿಯ ಬಲವೂ ಸಾಕು, ಲಯ ತಪ್ಪಿದರೆ ಪೈಲ್ವಾನನ ಬಲವೂ ವ್ಯರ್ಥ. ತಂತಿಯ ಒಟ್ಟು ಉದ್ದ ತರಂಗಾಂತರದ ಅರ್ಧದಷ್ಟಿದ್ದಾಗ ಒಳಗಿನ ವಿದ್ಯುತ್ತು ತುದಿಯಿಂದ ತುದಿಗೆ ತನ್ನ ಲಯದಲ್ಲಿಯೇ ತೂಗುತ್ತದೆ: ನಡುವೆ ಪ್ರವಾಹ ಹೆಚ್ಚು, ತುದಿಗಳಲ್ಲಿ ವೋಲ್ಟೇಜ್ ಹೆಚ್ಚು. ನಡುವಿನಲ್ಲಿ ಕತ್ತರಿಸಿ ಕೇಬಲ್ ಸೇರಿಸಿದರೆ ಆ ಬಿಂದುವಿನಲ್ಲಿ ಕೇಬಲ್ಲಿಗೆ ಕಾಣುವ ತಡೆ ಸುಮಾರು 73 ಓಮ್. ವಾಸ್ತವದಲ್ಲಿ ತಂತಿಯನ್ನು ಲೆಕ್ಕದ ಅರ್ಧಕ್ಕಿಂತ ಶೇಕಡ 5ರಷ್ಟು ಗಿಡ್ಡ ಮಾಡಬೇಕಾಗುತ್ತದೆ, ಏಕೆಂದರೆ ತಂತಿಯ ದಪ್ಪ ಮತ್ತು ತುದಿಗಳ ಪ್ರಭಾವದಿಂದ ಅದು ವಿದ್ಯುತ್ತಿನ ಪಾಲಿಗೆ ಅಳತೆಗಿಂತ ತುಸು ಉದ್ದವಾಗಿ ವರ್ತಿಸುತ್ತದೆ. ಹೊಸಬರು ಮೊದಲು ಉದ್ದವಾಗಿಯೇ ಕತ್ತರಿಸಿ, ಆಮೇಲೆ ಬೆರಳಗಲದಷ್ಟು ಚಿವುಟುತ್ತ ಹೋಗಬೇಕು. ಗಿಡ್ಡವಾದ ತಂತಿಗೆ ತೇಪೆ ಹಾಕುವುದು ಬೇಸರದ ಕೆಲಸ.

ಅರ್ಧದ ಅರ್ಧ ಸಾಕೆನ್ನುವ ಉಪಾಯವೂ ಉಂಟು. ಒಂದು ತೋಳನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದು ತೋಳಿನ ಕೆಲಸವನ್ನು ನೆಲಕ್ಕೆ ವಹಿಸುವುದು. ಕನ್ನಡಿಯಲ್ಲಿ ಪ್ರತಿಬಿಂಬ ಮೂಡುವಂತೆ ನೆಲದಲ್ಲಿ ಆ ತೋಳಿನ ಬಿಂಬ ಮೂಡಿ ಡೈಪೋಲ್ ಪೂರ್ಣವಾಗುತ್ತದೆ. 490 ಮೀಟರಿನ ಕಾಲು ಭಾಗ 122 ಮೀಟರ್. ಮಧ್ಯಮ ತರಂಗದ ಕೇಂದ್ರಗಳಲ್ಲಿ ಎತ್ತರದ ಕಂಬ ಕಾಣುವುದು ಈ ಕಾರಣಕ್ಕೆ. ಆ ಕಂಬದ ತುದಿಯಲ್ಲಿ ಎಲ್ಲೋ ಆಂಟೆನಾ ಇದೆಯೆಂದು ಬಹಳ ಜನ ತಿಳಿದಿರುತ್ತಾರೆ, ಆದರೆ ಕಂಬಕ್ಕೆ ಕಂಬವೇ ಆಂಟೆನಾ. ಅಷ್ಟು ಭಾರವೂ ಬುಡದಲ್ಲಿ ಒಂದು ಪಿಂಗಾಣಿ ಅವಾಹಕದ ಮೇಲೆ ನಿಂತಿರುತ್ತದೆ, ಸುತ್ತಲಿನ ನೆಲದೊಳಗೆ ಚಕ್ರದ ಅರಗಳಂತೆ ಹತ್ತಾರು ತಾಮ್ರದ ತಂತಿಗಳನ್ನು ಹೂತಿರುತ್ತಾರೆ. ಒಣಗಿದ ಕಲ್ಲುನೆಲ ಕೆಟ್ಟ ಕನ್ನಡಿ, ತೇವದ ಮಣ್ಣು ವಾಸಿ, ಸಮುದ್ರದ ಉಪ್ಪುನೀರು ಎಲ್ಲಕ್ಕಿಂತ ಉತ್ತಮ.

ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದ್ದು, ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾದದ್ದು ನಿಮಗೆ ಗೊತ್ತಿರಬಹುದು. ಹೆಸರಿನ ಸೊಗಸಿಗೆ ಎರಡು ಮಾತಿಲ್ಲ. ಆದರೆ ಇಂಜಿನಿಯರನ ಕಣ್ಣಿನಿಂದ ನೋಡಿದರೆ ಮಧ್ಯಮ ತರಂಗ ಹಗಲಿನಲ್ಲಿ ಭೂವಾಣಿ, ಕತ್ತಲಾದ ಮೇಲಷ್ಟೇ ಆಕಾಶವಾಣಿ. ಹಗಲಿನಲ್ಲಿ ಅದು ನೆಲವನ್ನು ತಬ್ಬಿಕೊಂಡು ಸಾಗುತ್ತದೆ. ರಾತ್ರಿಯ ಕಥೆಗೆ ಆಮೇಲೆ ಬರುತ್ತೇನೆ.

ಈಗ ಈ ಟ್ರಾನ್ಸಿಸ್ಟರನ್ನು ನೋಡಿ. 490 ಮೀಟರಿನ ಅಲೆಯನ್ನು ಇದು ಅಂಗೈಯಗಲದ ಡಬ್ಬಿಯೊಳಗೆ ಹಿಡಿಯುವುದು ಹೇಗೆ? ಮೇಲೆ ಎಳೆಯುವ ಉಕ್ಕಿನ ಕಡ್ಡಿ ಎಫ್‌ಎಂ ಮತ್ತು ಶಾರ್ಟ್‌ವೇವಿಗೆ ಮಾತ್ರ. ಹಿಂಬದಿಯ ಮುಚ್ಚಳ ತೆಗೆದರೆ ಫೆರೈಟ್ ಎಂಬ ಕಾಂತೀಯ ವಸ್ತುವಿನ, ಪೆನ್ಸಿಲಿನಂಥ ಒಂದು ಕಪ್ಪು ಕಡ್ಡಿ ಮತ್ತು ಅದಕ್ಕೆ ಸುತ್ತಿದ ನವಿರಾದ ತಂತಿ ಕಾಣುತ್ತದೆ. ಇದು ಅಲೆಯ ಕಾಂತೀಯ ಭಾಗವನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಸಭೆಯಲ್ಲಿ ನಾನು ರೇಡಿಯೊವನ್ನು ಹಚ್ಚಿ, ಮೇಜಿನ ಮೇಲೆ ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸಿದೆ. ಒಂದು ಸುತ್ತಿನಲ್ಲಿ ಎರಡು ಕಡೆ ದನಿ ಬಹುತೇಕ ಅಡಗಿ, ಬರೀ ಗೊರಗೊರ ಉಳಿಯಿತು. ಕಡ್ಡಿಯ ತುದಿ ನೇರವಾಗಿ ಕೇಂದ್ರದ ಕಡೆ ಚಾಚಿದಾಗ ಹೀಗಾಗುತ್ತದೆ, ಅಡ್ಡಲಾಗಿದ್ದಾಗ ದನಿ ಅತಿ ಜೋರು. ದನಿ ಅಡಗುವ ಈ ದಿಕ್ಕು ಬಹಳ ಚೂಪಾಗಿರುವುದರಿಂದ ಹಿಂದೆ ಹಡಗು ಮತ್ತು ವಿಮಾನಗಳು ದಿಕ್ಕು ತಿಳಿಯಲು ಇದೇ ಗುಣವನ್ನು ಬಳಸುತ್ತಿದ್ದವು. ಮನೆಯಲ್ಲಿ ಹಳೆಯ ರೇಡಿಯೊ ಇದ್ದವರು ಇಂದೇ ಮಾಡಿ ನೋಡಬಹುದು.

ದಿಕ್ಕಿನ ಮಾತು ಬಂದುದರಿಂದ ಗಳಿಕೆಯ ವಿಷಯಕ್ಕೂ ಇಲ್ಲಿಯೇ ಬರುತ್ತೇನೆ. ಆಂಟೆನಾಕ್ಕೆ ಇಷ್ಟು ಡೆಸಿಬೆಲ್ (ಶಕ್ತಿಯ ಹೆಚ್ಚುಕಡಿಮೆಯನ್ನು ಹೋಲಿಸಿ ಹೇಳುವ ಮಾನ) ಗಳಿಕೆ ಇದೆ ಎಂದಾಗ ಅದು ಶಕ್ತಿಯನ್ನು ಹೆಚ್ಚಿಸುತ್ತದೆಯೆಂದು ತಿಳಿಯಬಾರದು. ತೋಟದ ಆಚೆ ಬದಿಯಲ್ಲಿರುವವರನ್ನು ಕರೆಯುವಾಗ ನಾವು ಎರಡೂ ಅಂಗೈಗಳನ್ನು ಬಾಯಿಗೆ ಕಹಳೆಯಂತೆ ಹಿಡಿದು ‘ಕೂ’ ಹಾಕುತ್ತೇವೆ; ಗಂಟಲಿನ ಬಲ ಅಷ್ಟೇ, ಸುತ್ತ ಚೆಲ್ಲಿಹೋಗುವುದು ಒಂದು ಕಡೆಗೆ ಕೂಡಿತು. ಅದೇ ಅಂಗೈಯನ್ನು ಕಿವಿಗೆ ಹಿಡಿದರೆ ಆ ದಿಕ್ಕಿನ ದನಿಯೇ ಹೆಚ್ಚು ಕೇಳುತ್ತದೆ. ಆಂಟೆನಾ ಕಳಿಸುವಾಗ ಯಾವ ದಿಕ್ಕಿಗೆ ಒಲಿಯುತ್ತದೆಯೋ, ಪಡೆಯುವಾಗಲೂ ಆ ದಿಕ್ಕಿಗೇ ಒಲಿಯುತ್ತದೆ.

ಜಪಾನಿನ ಸೆಂಡಾಯಿಯಲ್ಲಿ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಪ್ರಕಟಿಸಿದ ಆಂಟೆನಾ ಈ ಕೆಲಸವನ್ನು ಬರೀ ಕಡ್ಡಿಗಳಿಂದ ಸಾಧಿಸಿತು. ನಮ್ಮ ಮಾಳಿಗೆಗಳ ಮೇಲೆ ದೂರದರ್ಶನಕ್ಕಾಗಿ ನಿಂತಿದ್ದ ಮೀನಿನ ಮೂಳೆಯಂಥ ಆಂಟೆನಾ ಅದೇ. ಅದರ ಅಷ್ಟೂ ಕಡ್ಡಿಗಳಲ್ಲಿ ಕೇಬಲ್ ಸೇರುತ್ತಿದ್ದುದು ಒಂದೇ ಒಂದಕ್ಕೆ, ಮಡಚಿದ ಡೈಪೋಲಿಗೆ. ಮಡಚಿದಾಗ ತಡೆ ನಾಲ್ಕು ಪಟ್ಟಾಗಿ 300 ಓಮಿನ ಆಸುಪಾಸಿಗೆ ಏರುತ್ತದೆ. ಕಿಟಕಿಯ ಸಂದಿಯಿಂದ ಒಳಗೆ ಇಳಿಯುತ್ತಿದ್ದ ಆ ಚಪ್ಪಟೆ ಪಟ್ಟಿಯ ಕೇಬಲ್ ಅದಕ್ಕೆ ಹೊಂದುವಂಥದ್ದು. ಹಿಂದಿನ ಕಡ್ಡಿ ತುಸು ಉದ್ದ, ಮುಂದಿನವು ತುಸು ಗಿಡ್ಡ. ಕೇಬಲ್ಲಿಗೆ ಸೇರದ ಈ ಕಡ್ಡಿಗಳು ಬಂದ ಅಲೆಯನ್ನು ಹೀರಿ ಮತ್ತೆ ಉಗುಳುತ್ತವೆ. ಉದ್ದದ ವ್ಯತ್ಯಾಸದಿಂದಾಗಿ ಒಂದು ತಡವಾಗಿ, ಒಂದು ಬೇಗ ಉಗುಳುವುದರಿಂದ ಮುಂದಿನಿಂದ ಬಂದದ್ದೆಲ್ಲ ಡೈಪೋಲಿನಲ್ಲಿ ಕೂಡಿಕೊಳ್ಳುತ್ತದೆ, ಹಿಂದಿನಿಂದ ಬಂದದ್ದು ಅಳಿಯುತ್ತದೆ. ಕ್ರಿಕೆಟ್ ನಡೆಯುವಾಗ ಕಾಗೆಯೊಂದು ಕುಳಿತು ಕಡ್ಡಿ ಓರೆಯಾದರೆ ಒಬ್ಬ ಮಾಳಿಗೆ ಹತ್ತಿ ತಿರುಗಿಸುವುದು, ಇನ್ನೊಬ್ಬ ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಎನ್ನುವುದು ನಡೆದೇ ಇತ್ತು. ಹಾಗೆ ಮಾಡುತ್ತಿದ್ದವರು, ಗೊತ್ತಿಲ್ಲದೆಯೇ, ಆಂಟೆನಾದ ದಿಕ್ಚಿತ್ರವನ್ನು, ಅಂದರೆ ಅದು ಯಾವ ದಿಕ್ಕಿಗೆ ಎಷ್ಟು ಒಲಿಯುತ್ತದೆ ಎಂಬುದನ್ನು, ಅಳೆಯುತ್ತಿದ್ದರು.

ಅಲೆಯ ಅಳತೆಗೆ ಹೋಲಿಸಿದರೆ ಆಂಟೆನಾ ಎಷ್ಟು ದೊಡ್ಡದೋ ಅದರ ನೋಟ ಅಷ್ಟು ಕಿರಿದಾಗುತ್ತದೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ವ್ಯಾಸದ ತಟ್ಟೆ ಇದೆ. 13 ಸೆಂಟಿಮೀಟರಿನ, ಅಂದರೆ ಚೋಟುದ್ದದ ಅಲೆಯಲ್ಲಿ ಅದರ ನೋಟದ ಅಗಲ ಸುಮಾರು ಕಾಲು ಡಿಗ್ರಿ, ಆಕಾಶದಲ್ಲಿ ಹುಣ್ಣಿಮೆಯ ಚಂದ್ರನ ಅರ್ಧದಷ್ಟು. 2014ರ ಸೆಪ್ಟೆಂಬರಿನಲ್ಲಿ ಮಂಗಳನ ಕಕ್ಷೆ ಸೇರಿದ ನೌಕೆಯ ಕ್ಷೀಣ ದನಿಯನ್ನು ಆಲಿಸಬೇಕಾದರೆ ಅಷ್ಟು ನಿಖರವಾಗಿ ಕಿವಿ ತಿರುಗಿಸಬೇಕು. ಇದಕ್ಕೆ ತೀರ ಬೇರೆಯಾದದ್ದು, ಆಕಾಶಕಾಯಗಳಿಂದ ಬರುವ ರೇಡಿಯೊ ಅಲೆಗಳನ್ನು ಆಲಿಸುವ ಗೌರಿಬಿದನೂರಿನ ರೇಡಿಯೊ ದೂರದರ್ಶಕ. ಅಲ್ಲಿ ಆಲಿಸುತ್ತಿದ್ದುದು 34.5 ಮೆಗಾಹರ್ಟ್ಸ್, ಅಂದರೆ ಎಂಟೂಮುಕ್ಕಾಲು ಮೀಟರ್ ಉದ್ದದ ಅಲೆ. ಅದಕ್ಕೆ ತಕ್ಕ ತಟ್ಟೆಯನ್ನು ಕಟ್ಟುವುದು ಅಸಾಧ್ಯವಾದ್ದರಿಂದ ಬಯಲಿನಲ್ಲಿ ಇಂಗ್ಲಿಷಿನ ಟಿ ಆಕಾರದಲ್ಲಿ 1000 ಡೈಪೋಲುಗಳನ್ನು ಹರಡಿ, ಅವೆಲ್ಲದರ ದನಿಯನ್ನು ಲೆಕ್ಕವಿಟ್ಟು ಕೂಡಿಸಿದರು.

ಮೊಬೈಲ್ ಕಂಬದ ಬುಡದಲ್ಲಿಯೇ ಮನೆಯಿದ್ದರೂ ಸಿಗ್ನಲ್ ಏಕೆ ಸಾಲದು ಎಂದು ಸಭಿಕರೊಬ್ಬರು ಕೇಳಿದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಕಂಬದ ಮೇಲಿನ ಉದ್ದನೆಯ ಪೆಟ್ಟಿಗೆಗಳೊಳಗೆ ಡೈಪೋಲಿನ ಜಾತಿಯ ಆಂಟೆನಾಗಳು ಒಂದರ ಮೇಲೊಂದು ಸಾಲಾಗಿ ಇರುತ್ತವೆ. ಆ ಜೋಡಣೆಯಿಂದ ಅಲೆ ದೋಸೆಯಂತೆ ತೆಳ್ಳಗೆ ಹರಡಿ, ದಿಗಂತಕ್ಕಿಂತ ಕೆಲವೇ ಡಿಗ್ರಿ ಕೆಳಗೆ ಬಾಗಿ ದೂರಕ್ಕೆ ಹೊರಡುತ್ತದೆ. ನೇರ ಕೆಳಗೆ ಬೀಳುವುದು ಅತ್ಯಲ್ಪ.

ಇನ್ನು ಅಲೆಯ ಪಯಣ. ತಡೆಯಿಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ತಲುಪುವ ಶಕ್ತಿ ನಾಲ್ಕನೆಯ ಒಂದು ಪಾಲಾಗುತ್ತದೆ. ಹೀಗೆ ತೆಳುವಾಗುತ್ತ ಬಂದ ಅಲೆ ಫೋನಿನ ಪರದೆಯಲ್ಲಿ ಮೈನಸ್ 110 ಡಿಬಿಎಂ ಎಂದು ತೋರಿಸಿದರೆ, ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದಾಗ ಸಿಗುವಷ್ಟು ಶಕ್ತಿ ಎಂದರ್ಥ. ಅಷ್ಟರಲ್ಲಿಯೂ ಫೋನು ಏನಾದರೊಂದನ್ನು ಕೇಳಿಸಿಕೊಳ್ಳುತ್ತದೆ ಎಂಬುದು ನನಗೆ ಈಗಲೂ ಅಚ್ಚರಿಯ ಸಂಗತಿ.

ಭೂಮಿ ದುಂಡಗಿರುವುದರಿಂದ ಎಫ್‌ಎಂ ಮತ್ತು ಅದಕ್ಕಿಂತ ಗಿಡ್ಡ ಅಲೆಗಳಿಗೆ ದಿಗಂತದ ಮಿತಿಯುಂಟು. ಗಾಳಿ ಅಲೆಯನ್ನು ಕಿಂಚಿತ್ತು ಬಾಗಿಸುವುದನ್ನೂ ಸೇರಿಸಿಕೊಂಡು, ಎರಡೂ ಆಂಟೆನಾಗಳ ಎತ್ತರದ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. 100 ಮೀಟರ್ ಎತ್ತರದ ಗೋಪುರ ಮತ್ತು 9 ಮೀಟರ್ ಎತ್ತರದ ಮಾಳಿಗೆಯ ನಡುವೆ ಇದು ಸುಮಾರು 54 ಕಿಲೋಮೀಟರ್. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಿಂದಾದರೆ ನೆತ್ತಿಯ ಪಾಲೇ 180 ಕಿಲೋಮೀಟರ್ ಆಗುತ್ತದೆ. ಆದರೆ ಈ ಲೆಕ್ಕಕ್ಕೆ ನಡುವೆ ಬೆಟ್ಟವಿರಬಾರದು, ಮಲೆನಾಡಿನಲ್ಲಿ ಅದೇ ತೊಡಕು. ಬೆಟ್ಟದ ಅಂಚಿಗೆ ತಾಗಿದ ಅಲೆ ಆಚೆ ಬದಿಗೆ ತುಸು ಬಾಗಿ ಇಳಿಯುತ್ತದೆ, ಅದನ್ನು ವಿವರ್ತನೆ ಎನ್ನುತ್ತೇವೆ. 490 ಮೀಟರಿನ ಅಲೆಗೆ 100 ಮೀಟರಿನ ಗುಡ್ಡ ದಾರಿಯ ಒಂದು ಉಬ್ಬು ಮಾತ್ರ. ಒಂದೂವರೆ ಗೇಣಿನ ಅಲೆಗೆ ಅದು ಕೋಟೆಯ ಗೋಡೆ, ಹಿಂದೆ ಗಾಢವಾದ ನೆರಳು ಬೀಳುತ್ತದೆ. ಕೋವಿಡ್ ಕಾಲದಲ್ಲಿ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಬೇಕಾಗಿ ಬಂದದ್ದು ಆ ನೆರಳಿನಿಂದ ಹೊರಬರುವುದಕ್ಕೆ.

ಮಳೆಯ ವಿಷಯದಲ್ಲಿಯೂ ಉದ್ದವೇ ತೀರ್ಪು ಕೊಡುತ್ತದೆ. ಆಗುಂಬೆಯಂಥ ಕಡೆ ಬೀಳುವ ಹನಿ ಕೆಲವು ಮಿಲಿಮೀಟರ್ ದಪ್ಪ. ಒಂದಂಗುಲದ ಡಿಟಿಎಚ್ ಅಲೆಗೆ ಅದು ಲೆಕ್ಕಕ್ಕೆ ಬರುವ ಗಾತ್ರ, ಆದ್ದರಿಂದಲೇ ಜಡಿಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಮೊಬೈಲಿನ ಒಂದೂವರೆ ಗೇಣಿನ ಅಲೆಗೆ ಹನಿಗಳು ಅಷ್ಟಾಗಿ ತಾಕುವುದಿಲ್ಲ. ಹಾಗಿದ್ದೂ ಮಳೆಗಾಲದಲ್ಲಿ ಫೋನು ಸೊರಗುವುದೇಕೆ? ಒದ್ದೆ ಎಲೆಗಳ ದಟ್ಟಣೆ ಅಲೆಯನ್ನು ಹೀರುತ್ತದೆ, ಕಂಬಕ್ಕೆ ಕರೆಂಟು ಹೋಗಿರುತ್ತದೆ. ಅಲ್ಲದೆ ಅನೇಕ ಕಂಬಗಳು ಒಂದನ್ನೊಂದು ಮಾತನಾಡಿಸುವುದು ಮೈಕ್ರೊವೇವ್ ಕೊಂಡಿಯಿಂದ, ಅದರ ಅಲೆ ಗಿಡ್ಡದ್ದು, ಮಳೆಗೆ ಸೋಲುವಂಥದ್ದು.

ಈಗ ರಾತ್ರಿಯ ಕಥೆ. 1901ರ ಡಿಸೆಂಬರ್ 12ರಂದು ಮಾರ್ಕೋನಿ ಕೆನಡಾದ ತೀರದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ, ಇಂಗ್ಲೆಂಡಿನ ಪೋಲ್ಡುವಿನಿಂದ ಅಟ್ಲಾಂಟಿಕ್ ದಾಟಿ ಬಂದ ಸಂಕೇತವನ್ನು ಕೇಳಿದೆನೆಂದರು. ದುಂಡಗಿನ ಭೂಮಿಯನ್ನು ಅಲೆ ಸುತ್ತಿ ಬಂದದ್ದು ಹೇಗೆಂಬ ಪ್ರಶ್ನೆಗೆ ಮರುವರ್ಷವೇ ಕೆನೆಲಿ ಮತ್ತು ಹೆವಿಸೈಡ್, ಮೇಲೆಲ್ಲೋ ವಿದ್ಯುತ್ ಹರಿಸಬಲ್ಲ ಪದರವಿರಬೇಕೆಂದು ಬೇರೆಬೇರೆಯಾಗಿ ಸೂಚಿಸಿದರು. 1924ರಲ್ಲಿ ಆಪಲ್ಟನ್ ಅದರ ಎತ್ತರವನ್ನೇ ಅಳೆದು, ಮುಂದೆ 1947ರಲ್ಲಿ ನೊಬೆಲ್ ಪಡೆದರು. ಸೂರ್ಯನ ಕಿರಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಮಾಡಿದ ಅಯಾನುಗೋಳ ಅದು. 60ರಿಂದ 90 ಕಿಲೋಮೀಟರ್ ಎತ್ತರದ ಕೆಳ ಪದರ ಹಗಲಿನಲ್ಲಿ ಮಧ್ಯಮ ತರಂಗವನ್ನು ನುಂಗಿಹಾಕುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ, ಮೇಲಿನ ಪದರಗಳು ಉಳಿದು ಅಲೆಯನ್ನು ಬಾಗಿಸಿ ನೂರಾರು ಕಿಲೋಮೀಟರ್ ಆಚೆ ಇಳಿಸುತ್ತವೆ. ಹಗಲೆಲ್ಲ ಬರೀ ಗೊರಗೊರ ಎನ್ನುತ್ತಿದ್ದ ಜಾಗದಲ್ಲಿ ಸಂಜೆ ಏಳರ ಮೇಲೆ ಯಾವುದೋ ಭಾಷೆಯ ವಾರ್ತೆ ತೇಲಿ ಬರುವುದು ಹೀಗೆ.

ಇದೇ ಪದರ ನನಗೆ ಒಮ್ಮೆ ಪಾಠ ಕಲಿಸಿದೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿ ಪಡೆದ ಹೊಸತರಲ್ಲಿ 40 ಮೀಟರ್ ಬ್ಯಾಂಡಿಗಾಗಿ (ಸುಮಾರು 40 ಮೀಟರ್ ಉದ್ದದ ಅಲೆಗಳ ಪಟ್ಟಿ) 20 ಮೀಟರಿನ ಡೈಪೋಲನ್ನು ಎರಡು ತೆಂಗಿನ ಮರಗಳ ನಡುವೆ, ಏಣಿಗೆ ಎಟುಕಿದಷ್ಟು ಎತ್ತರದಲ್ಲಿ, ಕಟ್ಟಿದ್ದೆ. ಹಗಲಿನಲ್ಲಿ ಇನ್ನೂರು ಮುನ್ನೂರು ಕಿಲೋಮೀಟರಿನ ಗೆಳೆಯರೆಲ್ಲ ಸೊಗಸಾಗಿ ಸಿಗುತ್ತಿದ್ದರು. ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂದು ನಂಬಿ, ಮರ ಹತ್ತುವವರನ್ನು ಕರೆಸಿ ತಂತಿಯನ್ನು ಮರದ ನೆತ್ತಿಗೆ ಏರಿಸಿದೆ. ಮರುದಿನ ಹತ್ತಿರದ ಗೆಳೆಯರ ದನಿ ಪಾತಾಳಕ್ಕೆ ಇಳಿದಿತ್ತು. ರಾತ್ರಿ ಮಾತ್ರ ಎಲ್ಲೆಲ್ಲಿಯೋ ದೂರದವರು ಕೇಳತೊಡಗಿದರು. ತಂತಿ ಹಾಳಾಗಿದೆಯೆಂದು ಎರಡು ದಿನ ಬೆಸುಗೆಗಳನ್ನು ತಡಕಾಡಿದೆ. ತಪ್ಪಿದ್ದುದು ತಂತಿಯಲ್ಲಲ್ಲ. ಕೆಳಗಿದ್ದಾಗ ನೆಲದ ಕನ್ನಡಿ ಅಲೆಯನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತಿತ್ತು, ಅದು ಅಯಾನುಗೋಳಕ್ಕೆ ತಾಗಿ ಕೊಡೆಯಂತೆ ಸುತ್ತಲೂ ಇಳಿಯುತ್ತಿತ್ತು. ತಂತಿ ಅರ್ಧ ತರಂಗಾಂತರದಷ್ಟು, ಅಂದರೆ 20 ಮೀಟರ್ ಎತ್ತರಕ್ಕೆ ಏರಿದಾಗ ನೇರ ಮೇಲೆ ಹೋಗುವ ಅಲೆಯೂ ನೆಲದ ಬಿಂಬದ ಅಲೆಯೂ ಒಂದನ್ನೊಂದು ಅಳಿಸಿಕೊಂಡು, ಶಕ್ತಿಯೆಲ್ಲ ದಿಗಂತದ ಕಡೆ ಓಲಿಹೋಗಿತ್ತು. ಆ ಡೈಪೋಲನ್ನು ಕೊನೆಗೆ ಅರ್ಧಕ್ಕೆ ಇಳಿಸಿದೆ, ಮರ ಹತ್ತಿದವರಿಗೆ ಎರಡನೆಯ ಕೂಲಿಯನ್ನೂ ಕೊಟ್ಟೆ.

ಕಡೆಯ ಪ್ರಶ್ನೆ ಒಬ್ಬ ತಾಯಿಯದು. ಅವರ ಮನೆಯಲ್ಲಿ ಫೋನು ಸಿಗುವುದು ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ ಮಾತ್ರ. ಭರಣಿಯ ಆ ಬದಿಗೆ ಇಟ್ಟರೆ ಇಲ್ಲ. ಮನೆಯವರು ನಗುತ್ತಾರಂತೆ. ನಗುವಂಥದ್ದೇನೂ ಇಲ್ಲ. ಎದುರಿನ ಗುಡ್ಡಕ್ಕೆ, ಹಂಚಿಗೆ, ಕಿಟಕಿಯ ಸರಳಿಗೆ ತಾಗಿ ಬಂದ ಒಂದೇ ಅಲೆಯ ಹಲವು ತುಣುಕುಗಳು ಆ ದಂಡೆಯ ಮೇಲೆ ಸೇರುತ್ತವೆ. ಕೆಲವೆಡೆ ಏರಿಗೆ ಏರು ಕೂಡಿ ಬಲವಾಗುತ್ತದೆ, ಕೆಲವೆಡೆ ಏರಿಗೆ ಇಳಿವು ಸೇರಿ ಸೊನ್ನೆಯಾಗುತ್ತದೆ. 33 ಸೆಂಟಿಮೀಟರಿನ ಅಲೆಯಾದರೆ ಬಲದ ಜಾಗಕ್ಕೂ ಸೊನ್ನೆಯ ಜಾಗಕ್ಕೂ ನಡುವೆ ಅದರ ಕಾಲು ಭಾಗದಷ್ಟೇ, ಎಂಟು ಸೆಂಟಿಮೀಟರಿನಷ್ಟೇ ಅಂತರ ಇರಬಲ್ಲದು. ಪರವಾನಗಿಯಿಲ್ಲದೆ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿಸುವುದು ಕಾನೂನಿಗೆ ವಿರುದ್ಧ, ಅದು ಬೇಡವೆಂದೆ. ಮನೆಗೆ ತಂತಿಯ ಇಂಟರ್ನೆಟ್ ಇದ್ದರೆ ವೈಫೈ ಮೂಲಕ ಕರೆ ಮಾಡಬಹುದೆಂದೂ ಹೇಳಿದೆ. ಆಮೇಲೆ ಟೇಪು ಬಿಚ್ಚಿ ಎಂಟು ಸೆಂಟಿಮೀಟರ್ ಎಂದರೆ ಎಷ್ಟೆಂದು ತೋರಿಸಿದೆ. ಅವರು ನಾಲ್ಕು ಬೆರಳು ಕೂಡಿಸಿ ಟೇಪಿನ ಮೇಲೆ ಇಟ್ಟು ನೋಡಿ, ‘ಹೌದು, ಭರಣಿಯ ದಪ್ಪವೂ ಇಷ್ಟೇ’ ಎಂದರು.